ಎರಡನೆಯ ಕಾಗದ

ಪುಟ್ಟಬಸಮ್ಮ ಮೂರು ಮಾರು ದೂರದಲ್ಲೇ ನಿಂತು, ಕೋಳಿಗೆ ಎಸೆಯುವ ಹಾಗೆ, ವಾರಗಿತ್ತಿಯ ಹೆಣದ ಬಾಯಿಗೆ ಅಕ್ಕಿ ಎಸೆದಳು. ಎರಡು ಕಾಳು ಮೂಗಿನ ಮೇಲೆ ನಿಂತವು. ಉಳಿದವೆಲ್ಲ ಜಗುಲಿಯ ಕೆಳಗೆ ಬಿದ್ದವು. ಕೋಳಿಗಳು ಓಡಿಬಂದು ಆರಿಸತೊಡಗಿದವು.

"ಅತ್ರ ಓಗಿ ಬಾಯ್ಗೆ ಇಕ್ಕವ್ವ," ಎಂದು ಯಾರೋ ಅಂದರು.

"ನೀನೇ ಓಗಿ ಇಕ್ಕು. ನನ್ಗೂ ಮಕ್ಕಳು ಮರಿ ಅವೆ," ಎಂದು ಪುಟ್ಟಬಸಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಳು.

ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣ ಪುಟ್ಟಸಿದ್ದಮ್ಮನದು. ಅವಳ ಮುಖಕ್ಕೆ ಇದೆಲ್ಲ ಹೊಸದೇನಾಗಿರಲಿಲ್ಲ. ನಾಲ್ಕು ವರ್ಷದಿಂದ ಸೀಗೆಹುಂಡಿಯವರು ಅವಳಿಗೆ ಕೊಡುವುದನ್ನೆಲ್ಲ ಎಸೆದೇ ಕೊಟ್ಟಿದ್ದರು. ಅವಳ ಕೈಯಿಂದ ಪಡೆಯುತ್ತಿದ್ದದ್ದು ಒಂದೇ, ಅವಳು ತಟ್ಟಿದ ಬೆರಣಿ. ಅವಳು ಮುಟ್ಟಿದ ನೀರು ಬೇಡ, ಅವಳು ಕೂತ ಜಗುಲಿ ಬೇಡ. ಬೆರಣಿ ಮಾತ್ರ ಒಲೆಗೆ ಆಗುತ್ತಿತ್ತು. ಜನರ ಮಡಿ ಎಲ್ಲಿಗೆ ಬೇಕೋ ಅಲ್ಲಿಗೆ ಬಂದು ನಿಲ್ಲುತ್ತದೆ, ಬೇಡದ ಕಡೆ ಬಿಚ್ಚಿ ಬೀಳುತ್ತದೆ.

ಹೆಲ್ತ್ ಇನ್‌ಸ್ಪೆಕ್ಟರ್ ಚಿಕ್ಕಬಸವಯ್ಯ ಅಂಗಳದ ತುದಿಯಲ್ಲಿ ಸೈಕಲ್ಲು ಹಿಡಿದು ನಿಂತಿದ್ದ. ಕ್ಯಾರಿಯರಿನಲ್ಲಿ ಬ್ಲೀಚಿಂಗ್ ಪೌಡರಿನ ಡಬ್ಬ ಇತ್ತು. ಊರಿನ ಪಟೇಲ ದೊಡ್ಡಮಾದಯ್ಯ ಬೆಳಿಗ್ಗೆಯೇ ಗುಂಡ್ಲುಪೇಟೆಗೆ ಆಳು ಕಳಿಸಿ, "ಆ ಹೆಂಗಸು ಸತ್ತಳು, ಪೌಡರು ತಗೊಂಡು ಬರಬೇಕು, ಗುಂಡಿಗೆ ಹಾಕದೆ ಜನ ಮುಟ್ಟಲ್ಲ ಅಂತಾರೆ" ಎಂದು ಹೇಳಿಸಿದ್ದ. ಬೇಗೂರಿನವರೆಗೆ ಬಸ್ಸಿನ ತಲೆಯ ಮೇಲೆ ಸೈಕಲ್ಲು ಹಾಕಿಸಿಕೊಂಡು ಬಂದು, ಅಲ್ಲಿಂದ ಮೂರು ಮೈಲಿ ತುಳಿದು ಬಂದಿದ್ದ. ಸತ್ತದ್ದು ಹೊಟ್ಟೆಶೂಲೆಯಿಂದ. ಅದಕ್ಕೆ ಪೌಡರು ಬೇಕಿರಲಿಲ್ಲ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಆದರೂ ತಂದಿದ್ದ. ತನ್ನ ಮೇಲೆ ತನಗೇ ವಾಕರಿಕೆ ಬರುವಂತೆ ಬದುಕುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು.

ಪಕ್ಕದಲ್ಲಿ ನಿಂತಿದ್ದ ಊರಿನ ಮಾದಣ್ಣ ಕೋಳಿಗಳ ಕಡೆ ನೋಡುತ್ತಿದ್ದ. "ಆ ಕೆಂಪಂದು ನಮ್ದು ಸ್ವಾಮಿ. ಸತ್ತೋಳ ಅಕ್ಕಿ ತಿಂತಾ ಅದೆ. ಏನಾದ್ರೂ ಆದದಾ?"

"ಏನೂ ಆಗಲ್ಲ."

"ಆಗ್ದೆ ಓದ್ರೆ ಸರಿ. ಭಾನುವಾರ ಕುಯ್ಯನ ಅಂತಿದ್ದೆ."

ಅಷ್ಟರಲ್ಲಿ ಸತ್ತವಳ ಮಗಳು ಚಂದ್ರಮತಿ ಒಳಗಿನಿಂದ ಬಂದಳು. ಹಂಗಳಕ್ಕೆ ಕೊಟ್ಟಿದ್ದ ಮಗಳು. ತಾಯಿಯ ಮುಂದೆ ಮಂಡಿಯೂರಿ ಕೂತು, ಮೂಗಿನ ಮೇಲಿನ ಎರಡು ಕಾಳನ್ನು ಬೆರಳಿನಿಂದ ತೆಗೆದು ತುಟಿಯ ನಡುವೆ ಇಟ್ಟಳು. ಹೆಬ್ಬೆರಳು ಅದ್ದಿ ನೀರು ಬಿಟ್ಟಳು. ನೆರೆದವರು ಅಷ್ಟೊತ್ತೂ ಅವಳ ಕೈಯನ್ನೇ ನೋಡುತ್ತಿದ್ದರು, ಆ ಕೈ ಇನ್ನು ಎಲ್ಲೆಲ್ಲಿ ಮುಟ್ಟೀತು ಎಂದು. ಅವಳು ಎದ್ದು ನೇರ ಚಿಕ್ಕಬಸವಯ್ಯನ ಬಳಿ ಬಂದಳು.

"ಸ್ವಾಮಿ, ನಮ್ಮವ್ವ ಮೊನ್ನೆ ರಾತ್ರಿಯೂ ಒಂದೇ ಕೇಳ್ದಳು. ಇನ್ಸ್‌ಪೆಟ್ರು ಬಂದಿದ್ರಾ, ಎರಡ್ನೆ ಕಾಗದ ಬಂತಾ ಅಂತ. ಬಂತಾ ಸ್ವಾಮಿ?"

ಪಟೇಲ ದೊಡ್ಡಮಾದಯ್ಯ ಬೇವಿನ ಮರದ ಕೆಳಗಿನಿಂದ ತಲೆಯೆತ್ತಿದ.

"ಇಲ್ಲ ಕಣವ್ವ," ಎಂದ ಚಿಕ್ಕಬಸವಯ್ಯ. "ಬಂದಿಲ್ಲ."

*

ಐವತ್ತನಾಲ್ಕನೇ ಇಸವಿಯಲ್ಲಿ ಪಟೇಲನ ಮಗಳ ಮದುವೆ. ಅಡಿಗೆ ಪುಟ್ಟಸಿದ್ದಮ್ಮನದು. ಗಂಡ ಸತ್ತ ಮೇಲೆ ಸುತ್ತ ಹತ್ತೂರಿನ ಮದುವೆಗಳಿಗೆ ಅವಳೇ ಅಡಿಗೆಯವಳು. ಅವಳ ಹುರುಳಿಕಾಳು ಸಾರಿಗೆ ಬೀಗರು ಜಗಳ ಮರೆಯುತ್ತಿದ್ದರೆಂದು ಮಾತಿತ್ತು. ಮದುವೆಯಾಗಿ ಹದಿನೈದು ದಿನಕ್ಕೆ ಊರಲ್ಲಿ ಜ್ವರ ಎದ್ದಿತು. ಇಳಿಯದ ಜ್ವರ, ಸನ್ನಿಯ ಜ್ವರ. ಏಳು ಮಕ್ಕಳನ್ನು ಗಾಡಿಯಲ್ಲಿ ಮಲಗಿಸಿ ಚಾಮರಾಜನಗರದ ಆಸ್ಪತ್ರೆಗೆ ಸಾಗಿಸಿದರು. ಮೂರು ಮಕ್ಕಳು ಮನೆಗೆ ಬಂದವು. ಬಾರದ ನಾಲ್ವರಲ್ಲಿ ಪಟೇಲನ ಐದು ವರ್ಷದ ಮೊಮ್ಮಗನೂ ಒಬ್ಬ.

ಟೈಫಾಯಿಡ್ ಎಂದರು ಡಾಕ್ಟರು. ಮದುವೆಯ ಅಡಿಗೆ ಮುಟ್ಟಿದವರೆಲ್ಲರ ಮಲ ಪರೀಕ್ಷೆಗೆ ಬೇಕೆಂದರು. ತರಬೇಕಾದವನು ಹೆಲ್ತ್ ಇನ್‌ಸ್ಪೆಕ್ಟರು. ಹಂಗಳದ ರೈತನ ಮಗ, ಖಾಕಿ ನಿಕ್ಕರು ಹಾಕಿಕೊಂಡು, ಲಿಂಗದ ಕರಡಿಗೆಯಷ್ಟು ತಗಡಿನ ಡಬ್ಬಿಗಳನ್ನು ಹಿಡಿದು ಹನ್ನೊಂದು ಜನರ ಮನೆಬಾಗಿಲಲ್ಲಿ ನಿಂತ. ನಕ್ಕವರು ಎಷ್ಟೋ, ಬೈದವರು ಎಷ್ಟೋ. ಒಬ್ಬ ನಾಯಿ ಬಿಟ್ಟ. ಇನ್ನೊಬ್ಬ ಎಮ್ಮೆಯದನ್ನು ತುಂಬಿಸಿ ಕೊಟ್ಟ. ಬಸ್ಸಿನಲ್ಲಿ ಕಂಡಕ್ಟರು ಚೀಲದಲ್ಲೇನು ಎಂದಾಗ ಬಂಡೀಪುರದ ಜೇನುತುಪ್ಪ ಎಂದು ಹೇಳಿದ್ದ. ಆ ಪುಣ್ಯಾತ್ಮ ಚೀಲವನ್ನು ತನ್ನ ಸೀಟಿನ ಪಕ್ಕದಲ್ಲೇ ಜೋಪಾನವಾಗಿ ಇಟ್ಟುಕೊಂಡಿದ್ದ.

ಮರುಮಾತಿಲ್ಲದೆ ಡಬ್ಬಿ ಈಸಿಕೊಂಡವಳು ಪುಟ್ಟಸಿದ್ದಮ್ಮ ಒಬ್ಬಳೇ. "ಮಕ್ಕಳು ಉಳಿಯಾದಾದ್ರೆ ಹೇಲು ಕೊಡಕ್ಕೇನ್ ನಾಚ್ಕೆ ಸ್ವಾಮಿ," ಎಂದಿದ್ದಳು.

ಆರೋಗ್ಯವಾಗಿರುವವರ ಹೊಟ್ಟೆಯಲ್ಲೂ ಈ ರೋಗಾಣು ಮನೆ ಮಾಡಿಕೊಂಡಿರಬಹುದು, ಒಂದು ಸಲದ ಪರೀಕ್ಷೆಯಲ್ಲಿ ಸಿಕ್ಕದೆಯೂ ಇರಬಹುದು ಎಂದು ಡಾಕ್ಟರು ಮೂರು ಸಲ ತರಲು ಹೇಳಿದ್ದರು. ಮೊದಲ ಸಲಕ್ಕೇ ಪುಟ್ಟಸಿದ್ದಮ್ಮನದರಲ್ಲಿ ಸಿಕ್ಕಿತು. ಹಾಗೆಂದು ಕಾಗದ ಬಂದ ದಿನ ಚಿಕ್ಕಬಸವಯ್ಯನಿಗೆ ಹಿಗ್ಗಿನಲ್ಲಿ ನೆಲ ಕಾಣಲಿಲ್ಲ. ಚಾವಡಿಯಲ್ಲಿ ಊರು ಸೇರಿಸಿ, ಪುರಾಣ ಓದುವವನ ಹಾಗೆ ರಾಗ ಎಳೆದು ಓದಿದ. ಓದು ಮುಗಿಯುವ ಮೊದಲೇ ಒಂದು ಕಲ್ಲು ಬಂದು ಪುಟ್ಟಸಿದ್ದಮ್ಮನ ಭುಜಕ್ಕೆ ಬಿತ್ತು. ಬಿದ್ದವರ ಮೇಲೆ ಆಳಿಗೊಂದು ಕಲ್ಲು. ಪಟೇಲನ ತಾಯಿ ಚಿಕ್ಕನಿಂಗಮ್ಮ, ಸತ್ತ ಮಗುವಿನ ಮುತ್ತಜ್ಜಿ, ಎದೆ ಎದೆ ಬಡಿದುಕೊಂಡು ಮಣ್ಣು ತೂರಿ ಶಪಿಸಿದಳು: "ನನ್ ಮರಿಮಗುನ್ನ ತಿಂದ್ಯಲ್ಲೇ, ನಿನ್ ಕೈಗೆ ಹುಳ ಬೀಳ!"

ಆಗ ಅವನಿಗೆ ಡಾಕ್ಟರು ಹೇಳಿದ್ದ ಉಳಿದ ಮಾತು ನೆನಪಾಯಿತು. ಸಾಯಂಕಾಲ ಪುಟ್ಟಸಿದ್ದಮ್ಮನ ಮನೆಗೆ ಹೋದ. ಅವಳು ಭುಜಕ್ಕೆ ಅರಿಸಿನ ಮೆತ್ತಿಕೊಂಡು ಕೂತಿದ್ದಳು.

"ಇನ್ನೊಂದು ಕಾಗದ ಬರೋದಿದೆ ಕಣವ್ವ," ಎಂದ. "ಈ ರೋಗದ ಹುಳುವಿನಲ್ಲಿ ಬೇರೆ ಬೇರೆ ತಳಿ ಇವೆ. ನೋಡೋಕೆ ಎಲ್ಲ ಒಂದೇ. ಭೂತಗನ್ನಡಿಯಲ್ಲಿ ನೋಡಿದರೂ ಒಂದೇ. ಆದರೆ ಈ ಹುಳುವಿಗೂ ಒಂದು ಹುಳು ಹತ್ತುತ್ತದೆ. ಫೇಜ್ ಅಂತಾರೆ, ಅದೂ ಒಂದು ವೈರಸ್ಸು. ಒಂದು ಫೇಜ್ ಒಂದು ತಳಿಯನ್ನ ಮಾತ್ರ ತಿಂದುಹಾಕುತ್ತದೆ, ಪಕ್ಕದ ತಳಿ ಮುಟ್ಟಲ್ಲ."

"ಅರ್ತ ಆಗ್ನಿಲ್ಲ ಸ್ವಾಮಿ."

"ನೀನು ರೇಷ್ಮೆ ಸಾಕಿದ್ದೆಯಲ್ಲ. ರೇಷ್ಮೆ ಹುಳ ಹಿಪ್ಪುನೇರಳೆ ಬಿಟ್ಟು ಬೇರೆ ಸೊಪ್ಪು ಮುಟ್ಟುತ್ತದಾ?"

"ಸತ್ರೂ ಮುಟ್ಟಲ್ಲ."

"ಎಕ್ಕದ ಗಿಡದ ಹುಳ?"

"ಅದು ಎಕ್ಕನೇ ತಿನ್ನದು."

"ಕುರುಡನ ಕೈಗೆ ಎರಡು ಸೊಪ್ಪು ಕೊಟ್ಟು ಯಾವುದು ಯಾವುದು ಅಂದರೆ, ಅವನು ಹುಳ ಬಿಟ್ಟು ನೋಡಬಹುದು. ಯಾವ ಹುಳ ತಿಂತು ಅನ್ನೋದರಲ್ಲಿ ಸೊಪ್ಪು ಯಾವುದು ಅಂತ ಗೊತ್ತಾಗುತ್ತದೆ. ಅದೇ ಲೆಕ್ಕ. ಗಾಜಿನ ತಟ್ಟೆ ತುಂಬ ರೋಗದ ಹುಳು ಬೆಳೆಸಿ, ಮೇಲೆ ಒಂದೊಂದು ಫೇಜಿನದು ಒಂದೊಂದು ಹನಿ ಬಿಡ್ತಾರೆ. ಯಾವ ಹನಿ ಬಿದ್ದ ಜಾಗ ಬರಿದಾಯಿತೋ ಆ ತಳಿ. ಮಕ್ಕಳ ರಕ್ತದಲ್ಲಿ ಸಿಕ್ಕ ತಳಿ, ನಿನ್ನ ಹೊಟ್ಟೆಯ ತಳಿ, ಎರಡೂ ಒಂದಾದರೆ ನಿನ್ನಿಂದ ಅಂತ ಹೇಳಬಹುದು. ಬೇರೆ ಆದರೆ ನೀನಲ್ಲ. ಉತ್ತರದೇಶದ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ್ದೇವೆ."

ಪುಟ್ಟಸಿದ್ದಮ್ಮ ಭುಜದ ಅರಿಸಿನ ಒತ್ತಿಕೊಂಡಳು. "ನಾನೇ ಅಂತ ಬಂದ್ರೂ ಹೇಳ್ಬುಡಿ ಸ್ವಾಮಿ. ನಾನಲ್ಲ ಅಂತ ಬಂದ್ರೂ ಹೇಳಿ. ಈ ಎರಡ್ರ ನಡುವೆ ಉಸುರು ಕಟ್ತದೆ."

ಹೇಳುತ್ತೇನೆ ಎಂದು ಅವನು ಮಾತು ಕೊಟ್ಟ.

*

ಚಟ್ಟ ಎತ್ತಲು ನಾಲ್ಕು ಜನ ಸಿಗಬೇಕಾದರೆ ಬಿಸಿಲು ನೆತ್ತಿಗೆ ಬಂತು. ಕೊನೆಗೆ ಚಂದ್ರಮತಿಯ ಗಂಡ ಮಾದೇವ ಒಂದು ಕಡೆ ಹೆಗಲು ಕೊಟ್ಟ. ಪಟೇಲ ಗದರಿಸಿದ ಮೇಲೆ ಉಳಿದ ಮೂವರು ಬಂದರು. ಮೂವರೂ ಮೂಗಿಗೆ ಟವೆಲು ಬಿಗಿದುಕೊಂಡಿದ್ದರು. ಹೆಣಕ್ಕೆ ವಾಸನೆಯೇನೂ ಇರಲಿಲ್ಲ. ವಾಸನೆ ಇದ್ದದ್ದು ಅವರಲ್ಲಿ ಒಬ್ಬ ಬೆಳಿಗ್ಗೆಯೇ ಹಾಕಿದ್ದ ಹೆಂಡದ್ದು.

ಚಿಕ್ಕಬಸವಯ್ಯ ಹಿಂದೆ ಸೈಕಲ್ಲು ತಳ್ಳಿಕೊಂಡು ನಡೆದ. ಪಟೇಲ ಹೆಜ್ಜೆ ನಿಧಾನಿಸಿ ಜೊತೆಗೂಡಿದ.

"ಒಳ್ಳೆ ಮಾತು ಹೇಳ್ದಿರಿ ಇನ್ಸ್‌ಪೆಟ್ರೇ. ಇವತ್ತಿಗೆ ಮುಗೀತು ಬುಡಿ. ಮಣ್ಣು ಬಿದ್ಮೇಲೆ ಯಾರ್ ಕೇಳಾರು?"

"ಆ ಮಗಳು ಕೇಳ್ತಾಳೆ."

"ಎಂಟು ದಿನ ಕೇಳ್ತಾಳೆ. ಒಂಬತ್ನೆ ದಿನ ಅವಳ್ಗೂ ಹಸು ಕರು ಇರ್ತವೆ."

ಮುಂದೆ ಹೋಗುತ್ತಿದ್ದ ಪುಟ್ಟಬಸಮ್ಮ ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಓದ್ ವರ್ಸನೂ ಎರಡು ಕೂಸು ಓದೋ ಇಲ್ವೋ? ಇವಳು ಅಡ್ಗೆ ಮುಟ್ಟದೆ ಇದ್ರೂವೆ. ಗಾಳಿಗೇ ಬತ್ತದೆ ಕಣಮ್ಮಿ ಇವಳ್ದು."

ಎರಡು ಕೂಸು. ಚಿಕ್ಕಬಸವಯ್ಯ ನಡೆಯುತ್ತಿದ್ದವರಿಂದ ಹಿಂದುಳಿದ. ದಾರಿಯ ಪಕ್ಕಕ್ಕೆ ಉಗಿದ.

*

ಎರಡನೆಯ ಕಾಗದ ಬಂದು ಮೂರೂವರೆ ವರ್ಷವಾಗಿತ್ತು. ಅವನಿಗೆ ಅದು ಬಾಯಿಪಾಠ. ಸತ್ತ ಮಕ್ಕಳ ರಕ್ತದಲ್ಲಿ ಸಿಕ್ಕದ್ದು ‘ಎ’ ತಳಿ. ಪುಟ್ಟಸಿದ್ದಮ್ಮನದು ‘ಇ-ಒಂದು’. ಬೇರೆ. ಮೂರನೆಯ ಸಲದ ಡಬ್ಬಿಯಲ್ಲಿ ಇನ್ನೊಬ್ಬರ ಹೊಟ್ಟೆಯಲ್ಲೂ ರೋಗಾಣು ಸಿಕ್ಕಿತ್ತು: ಚಿಕ್ಕನಿಂಗಮ್ಮ, ವಯಸ್ಸು ಎಪ್ಪತ್ತೆಂಟು, ಪಟೇಲನ ತಾಯಿ. ಅವಳದು ‘ಎ’.

ಕಾಗದ ಹಿಡಿದು ಅವನು ಹೋದದ್ದು ಚಾವಡಿಗಲ್ಲ, ಪಟೇಲನ ಮನೆಗೆ. ಮೊದಲು ಅಲ್ಲಿ ಹೇಳಿ ಆಮೇಲೆ ಊರಿಗೆ ಹೇಳುವುದು ಮರ್ಯಾದೆ ಎಂದುಕೊಂಡ. ಪಟೇಲ ಕೇಳಿಸಿಕೊಂಡು, ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಹಸುವಿನ ಬೆನ್ನ ಮೇಲೆ ತಲೆಯಿಟ್ಟು ಅತ್ತ. ಅದು ಸುಳ್ಳಿನ ಅಳುವಾಗಿರಲಿಲ್ಲ.

"ನಮ್ಮವ್ವನ ಕಿವಿಗೆ ಬಿದ್ರೆ ಇವತ್ತೇ ಬಾವಿಗೆ ಆರ್ಕತಾಳೆ. ಮಗುನೂ ಓಯ್ತು, ಅವ್ವನೂ ಓಗ್ಲಾ? ಮಸಿ ಬಿದ್ದೋಳ ಮೇಲೆ ಬಿದ್ದದೆ. ಅದು ಅಲ್ಲೇ ಇರ್ಲಿ ಇನ್ಸ್‌ಪೆಟ್ರೇ."

"ಹಂಗಾದರೆ ಅವರ ಕೈಯಲ್ಲಿ ಊಟ ಬಡಿಸೋದು ನಿಲ್ಲಿಸಬೇಕು."

"ನಿಲ್ಲುಸ್ತೀನಿ. ಅವ್ವನಾಣೆ."

ನಿಲ್ಲಿಸಲಿಲ್ಲ. ಎಪ್ಪತ್ತೆಂಟರ ಮುದುಕಿಯನ್ನು ಅಡಿಗೆಮನೆಯಿಂದ ಹೊರಗೆ ಹಾಕುವುದಕ್ಕೆ ಕಾರಣ ಹೇಳಬೇಕಲ್ಲ. ಕಾರಣ ಹೇಳಲು ಪಟೇಲನಿಗೆ ಬಾಯಿಲ್ಲ. ಇನ್‌ಸ್ಪೆಕ್ಟರಿಗೂ ಇರಲಿಲ್ಲ, ಯಾಕೆಂದರೆ ಆ ಸಂಕ್ರಾಂತಿಗೆ ಗುಂಡ್ಲುಪೇಟೆಯ ಅವನ ಮನೆಗೆ ಪಟೇಲನ ಮನೆಯಿಂದ ಒಂದು ಗಡಿಗೆ ತುಪ್ಪ ಬಂತು. ವಾಪಸು ಕಳಿಸಬೇಕಿತ್ತು. ಕಳಿಸಲಿಲ್ಲ. ಯಾರ ಕೈಯ ತುಪ್ಪ ಎಂದು ತಿಳಿದಿದ್ದರಿಂದ ಹೆಂಡತಿಗೆ ಹೇಳಿ ಮತ್ತೊಮ್ಮೆ ಕಾಯಿಸಿ, ಸೋಸಿ, ತಿಂದ. ಊರಿನ ಮಕ್ಕಳಿಗೆ ಆ ಉಪಾಯ ಹೇಳಿಕೊಡುವವರು ಯಾರೂ ಇರಲಿಲ್ಲ; ಹೋದ ವರ್ಷ ಎರಡು ಕೂಸು ಹೋದವು.

ಆಮೇಲೆ ಸೀಗೆಹುಂಡಿಗೆ ಬಂದಾಗಲೆಲ್ಲ ಪುಟ್ಟಸಿದ್ದಮ್ಮ ಬೆರಣಿ ತಟ್ಟುತ್ತಿದ್ದ ಕೈ ನಿಲ್ಲಿಸಿ, ದೂರದಿಂದಲೇ ಕೂಗಿ ಕೇಳುತ್ತಿದ್ದಳು. ಇನ್ನೂ ಬಂದಿಲ್ಲ ಕಣವ್ವ ಎಂದು ಇವನು ಸೈಕಲ್ಲು ನಿಲ್ಲಿಸದೆ ಹೇಳುತ್ತಿದ್ದ. "ದೂರ ಅಲ್ವಾ ಸ್ವಾಮಿ, ನಿದಾನ ಆದದು," ಎಂದು ಅವಳೇ ಅವನಿಗೆ ಸಮಾಧಾನ ಹೇಳುತ್ತಿದ್ದಳು.

*

ಗುಂಡಿ ಆಳವಾಗಿತ್ತು. ಹೆಣ ಇಳಿಸಿದರು. ಮಾದಣ್ಣ ಡಬ್ಬದ ಮುಚ್ಚಳ ಮೀಟಿ ತಂದು ಚಿಕ್ಕಬಸವಯ್ಯನ ಕೈಗೆ ಕೊಟ್ಟ.

"ಮೊದ್ಲು ಮುಕಕ್ಕೆ ಸುರೀರಿ ಸ್ವಾಮಿ. ಬಾಯಿಂದ್ಲೇ ಬರದಂತಲ್ಲ ಉಳ."

ಚಿಕ್ಕಬಸವಯ್ಯ ಗುಂಡಿಯ ಅಂಚಿಗೆ ಬಂದು ಬಗ್ಗಿದ. ಕೆಳಗೆ ಪುಟ್ಟಸಿದ್ದಮ್ಮನ ತುಟಿಯ ನಡುವೆ ಮಗಳು ಇಟ್ಟ ಎರಡು ಕಾಳು ಹಾಗೇ ಇದ್ದವು. ಮಗಳು ಎದುರಿಗೆ ನಿಂತು ಅವನನ್ನೇ ನೋಡುತ್ತಿದ್ದಳು. ಅವಳಿಗೆ ಸಿಟ್ಟೂ ಇರಲಿಲ್ಲ, ಇವನು ಸುರಿಯುತ್ತಾನೆಂದೇ ತಿಳಿದಿದ್ದಳು. ಅದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ. ಡಬ್ಬವನ್ನು ಕೆಳಗಿಟ್ಟ.

"ಎರಡನೆ ಕಾಗದ ಬಂದಿದೆ," ಎಂದ.

ಮಣ್ಣು ಎಳೆಯುತ್ತಿದ್ದವರು ಗುದ್ದಲಿ ನಿಲ್ಲಿಸಿದರು.

"ಬಂದು ಮೂರೂವರೆ ವರ್ಷ ಆಯಿತು. ನಾನು ಬಚ್ಚಿಟ್ಟಿದ್ದೆ. ಸತ್ತ ಮಕ್ಕಳ ರೋಗದ ತಳಿಯೇ ಬೇರೆ, ಈಯಮ್ಮನ ಹೊಟ್ಟೆಯದೇ ಬೇರೆ. ಈಯಮ್ಮನಿಂದ ಆ ಮಕ್ಕಳಿಗೆ ಬಂದದ್ದಲ್ಲ. ತಳಿ ಕೂಡಿದ್ದು ಇನ್ನೊಂದು ಮನೆಯವರ ಜೊತೆ."

"ಯಾರ್ ಮನೆ?" ಎಂದಳು ಚಂದ್ರಮತಿ.

ಅವನು ಪಟೇಲನ ಕಡೆ ನೋಡಿದ. ಬಾಯಿ ಬಿಟ್ಟು ಹೇಳುವ ಮೊದಲೇ ಪಟೇಲ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, ಮುಂದೆ ನುಗ್ಗಿದ.

"ನೋಡ್ರಪ್ಪ! ಮನುಷ್ಯರ್ಗೆ ಜಾತಿ ಇತ್ತು, ಈಗ ಹೇಲ್ನಲ್ಲಿರೋ ಉಳುಗೂ ಜಾತಿ ಮಾಡವ್ರೆ ಸರ್ಕಾರದೋರು! ನಮ್ಮವ್ವನ ಎಸ್ರು ಹೇಳಾಕೆ ಬಂದವ್ನೆ ಇಂವ. ನನ್ ಮೊಮ್ಮಗ ಸತ್ತ ಮನೆ ಕಣ್ರಪ್ಪ ನಮ್ದು!"

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಹೆಣದ ಗುಂಡಿಯ ಸುತ್ತ ನಿಂತು, ಟವೆಲು ಬಿಚ್ಚಿಕೊಂಡು, ಹಲ್ಲು ಬಿಟ್ಟು ನಕ್ಕರು.

"ಪಟೇಲ್ರ ಮನೆ ಉಳ ಅಂದ್ರೆ ರುಮಾಲು ಸುತ್ಕಂಡಿರ್ತದಾ ಸ್ವಾಮಿ?" ಎಂದ ಮಾದಣ್ಣ.

"ಅಲ್ಲ ಇನ್ಸ್‌ಪೆಟ್ರೇ," ಎಂದಳು ಪುಟ್ಟಬಸಮ್ಮ, "ಮೊದ್ಲು ಇವಳು ಅಂದ್ರಿ. ಈಗ ಇವಳಲ್ಲ ಅಂತೀರಿ. ಬೆಳಿಗ್ಗೆ ಕಾಗದ ಬಂದಿಲ್ಲ ಅಂದ್ರಿ. ಈಗ ಬಂದದೆ ಅಂತೀರಿ. ಯಾವ್ದ ನಂಬನ?"

ನಿಜ ಹೇಳುವುದಕ್ಕೂ ಒಂದು ಬಾಯಿ ಬೇಕು, ಅದನ್ನು ಚಿಕ್ಕಬಸವಯ್ಯ ತುಪ್ಪ ತಿಂದು ಕೆಡಿಸಿಕೊಂಡಿದ್ದ.

ಚಂದ್ರಮತಿ ಮಾತ್ರ ನಗಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತು ಒಳಗೆ ಬಗ್ಗಿದಳು. "ಅವ್ವ, ಕೇಳುಸ್ಕಂಡ್ಯಾ? ಕಾಗದ ಬಂತು. ನೀನಲ್ಲ," ಎಂದಳು. ಮೊದಲ ಹಿಡಿ ಮಣ್ಣು ಹಾಕಿದಳು. ಆಮೇಲೆ ಎದ್ದು ಬಂದು ಚಿಕ್ಕಬಸವಯ್ಯನ ಮುಖಕ್ಕೆ ಉಗಿದಳು. ಅವನು ಒರೆಸಿಕೊಳ್ಳಲಿಲ್ಲ.

*

ಮಣ್ಣಿಗೆ ಹೋಗಿ ಬಂದವರು ಕೆರೆಯಲ್ಲಿ ಮಿಂದು, ಸತ್ತವರ ಮನೆಯ ದೀಪ ನೋಡಿ, ಪಟೇಲನ ಅಂಗಳದಲ್ಲಿ ಮಜ್ಜಿಗೆ ಕುಡಿದು ಮನೆಗೆ ಹೋಗುವುದು ಸೀಗೆಹುಂಡಿಯ ಕಟ್ಟಳೆ. ಸತ್ತವರು ಯಾರಾದರೂ ಸರಿ, ಮಜ್ಜಿಗೆ ಪಟೇಲನ ಮನೆಯದು. ಚಿಕ್ಕನಿಂಗಮ್ಮ ಹಂಡೆಯಂಥ ಮಡಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕಣ್ಣು ಮಂಜಾಗಿತ್ತು. ಉಪ್ಪು ಸರಿಯಾಯಿತೇ ಎಂದು ಮೊಣಕೈವರೆಗೆ ಕೈ ಬಿಟ್ಟು ಕಲಸಿ, ಬೆರಳು ನೆಕ್ಕಿ ನೋಡಿ, ಮತ್ತೆ ಕಲಸಿದಳು. ಗಂಡಸರು ಚೊಂಬು ಹಿಡಿದು ಸಾಲು ನಿಂತಿದ್ದರು. ಪುಟ್ಟಸಿದ್ದಮ್ಮನ ಹೆಣದಿಂದ ಮೂರು ಮಾರು ದೂರ ನಿಂತವರೇ ಎಲ್ಲರೂ.

ಚಿಕ್ಕಬಸವಯ್ಯ ಸಾಲು ಬಿಟ್ಟು ನೇರ ಮಡಕೆಯ ಬಳಿಗೆ ಹೋಗಿ ಮುದುಕಿಯ ಎದುರು ಕೂತ.

"ಬ್ಯಾಡಿ ಇನ್ಸ್‌ಪೆಟ್ರೇ," ಎಂದ ಪಟೇಲ. ಅವನ ದನಿ ಈಗ ಗದರಿಕೆಯದಾಗಿರಲಿಲ್ಲ. "ಕೈ ಮುಗೀತೀನಿ."

"ಯಾರ್ಲಾ ಅದು?" ಎಂದಳು ಮುದುಕಿ. "ಇನ್ಸ್‌ಪೆಟ್ರಾ? ಗುಂಡಿ ತಾವು ಏನೋ ನಗಾಡುದ್ರಂತಲ್ಲ. ಏನ್ ಹೇಳ್ದೆ?"

ಅವನು ಹೇಳಿದ. ಈ ಸಲ ರಾಗ ಎಳೆಯಲಿಲ್ಲ. ರೇಷ್ಮೆ ಹುಳ, ಎಕ್ಕದ ಹುಳ, ಗಾಜಿನ ತಟ್ಟೆ, ಬರಿದಾದ ಜಾಗ, ಎರಡು ತಳಿ, ಮೂರನೆಯ ಸಲದ ಡಬ್ಬಿ. ಮುದುಕಿ ಕತ್ತು ಓರೆ ಮಾಡಿ ಕೇಳಿದಳು. ರೇಷ್ಮೆ ಸಾಕಿದ ಕೈ ಅವಳದೂ.

"ಅಂಗಾದ್ರೆ ಆ ಮಗಿನ ಒಳಗಿದ್ದದ್ದೂ ನನ್ನೊಳಗಿರದೂ ಒಂದೇ ಅಂತ್ಲಾ?"

"ಒಂದೇ ಅಜ್ಜಿ."

"ನಗಾಡ್ತಾ ಅವ್ರಲ್ಲ, ಸುಳ್ಳಾ?"

"ಸುಳ್ಳಲ್ಲ."

ಮುದುಕಿ ಮಜ್ಜಿಗೆ ಕಲಸುತ್ತಿದ್ದ ಬಲಗೈಯನ್ನು ಮಡಕೆಯಿಂದ ತೆಗೆದು, ಮಂಜುಗಣ್ಣಿನ ಹತ್ತಿರ ಹಿಡಿದು ಮಗುಚಿ ಮಗುಚಿ ನೋಡಿದಳು.

"ಮದ್ವೆ ದಿನ ಉಣ್ಣಲ್ಲ ಅಂತ ಓಡಾಡ್ತಿತ್ತು ಮಗ," ಎಂದಳು. "ಯಾರ್ ಕೈಲೂ ಉಣ್ಣಿಲ್ಲ. ಇಡ್ಕಂಡು ಬಂದು, ನಾನೇ ಕಲುಸಿ, ಬಾಯ್ಗೆ ತುರುಕ್ದೆ."

ಪಟೇಲ ತಾಯಿಯನ್ನು ಒಳಗೆ ಕರೆದೊಯ್ಯಲು ಬಗ್ಗಿದ. ಮುದುಕಿ ಎರಡು ಮೊಣಕೈಯನ್ನೂ ಮಡಕೆಯ ಕೊರಳಿಗೆ ಕೊಟ್ಟು, ಇದ್ದಬದ್ದ ಬಲವನ್ನೆಲ್ಲ ಹಾಕಿ ನೂಕಿದಳು. ಮಡಕೆ ಒಂದು ಸಲ ತೂಗಿ, ಮಗುಚಿಕೊಂಡಿತು. ಬೆಳ್ಳಗೆ ಮಜ್ಜಿಗೆ ಸಗಣಿ ಸಾರಿಸಿದ ಅಂಗಳದ ತುಂಬ ಹರಿಯಿತು.

"ಅಯ್ಯಯ್ಯೋ, ಮಜ್ಗೆ!" ಎಂದು ಗಂಡಸರೆಲ್ಲ ಒಂದೇ ಉಸಿರಿಗೆ ಕೂಗಿದರು.

ಮಾದಣ್ಣ ಎಲ್ಲರಿಗಿಂತ ಮುಂಚೆ ನುಗ್ಗಿ ಮಂಡಿಯೂರಿ, ಉರುಳಿದ ಮಡಕೆಯ ಬಾಯಿಗೆ ಚೊಂಬು ಒಡ್ಡಿದ. ತುಂಬಿತು. ಗಟಗಟ ಕುಡಿದು, ಮೀಸೆ ಒರೆಸಿಕೊಂಡು, ಇನ್ನೊಂದು ಸಲ ಒಡ್ಡಿದ.